ಬ್ರೇಕು ಹಾಕಿದ್ದು ಮಗನಲ್ಲ, ಕಾರು. ಹಾಗಾದರೆ ಹೊಣೆ ಯಾರದು?

ಪ್ರಶ್ನೆ: ಬನಶಂಕರಿಯ ನಿವೃತ್ತ ಗಣಿತ ಮೇಷ್ಟ್ರು

ಮಾನ್ಯರೇ,

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಮಗ ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಹೊರವರ್ತುಲ ರಸ್ತೆಯಲ್ಲಿ ಮಾರತ್ತಹಳ್ಳಿಯ ಕಡೆಗೆ ಹೊರಟಿದ್ದ. ಕಾರು ಹೋದ ವರ್ಷ ಕೊಂಡದ್ದು. ಅದರ ಮುಂಭಾಗದಲ್ಲಿ ರೇಡಾರ್, ಗಾಜಿನ ಹಿಂದೆ ಕ್ಯಾಮೆರಾ ಇದ್ದು, ಮುಂದಿನ ವಾಹನದಿಂದ ಇಷ್ಟು ಅಂತರ ಇರಲಿ ಎಂದು ಗೊತ್ತುಮಾಡಿಟ್ಟರೆ ವೇಗವನ್ನು ತಾನೇ ಏರಿಸಿ ಇಳಿಸುತ್ತದೆ. ಮೇಲ್ಸೇತುವೆ ಇಳಿಯುವ ಜಾಗದಲ್ಲಿ ಸ್ಕೂಟರ್ ಸವಾರನೊಬ್ಬ ನಮ್ಮ ಮುಂದೆ ಓರೆಯಾಗಿ ಹಾದು ಎಡಕ್ಕೆ ಹೋದ. ಅವನು ಹೋಗಿ ದಾರಿ ತೆರವಾದ ಮೇಲೆ ಕಾರು ಥಟ್ಟನೆ ಬ್ರೇಕು ಹಾಕಿಕೊಂಡಿತು, ಹಿಂದೆ ಬರುತ್ತಿದ್ದ ಟ್ಯಾಕ್ಸಿ ಬಂದು ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ನಮ್ಮ ಹಿಂಬದಿಯ ಬಂಪರ್ ಒಡೆಯಿತು, ಟ್ಯಾಕ್ಸಿಯ ಬಾನೆಟ್ ಮಡಚಿಕೊಂಡಿತು.

ಟ್ಯಾಕ್ಸಿ ಚಾಲಕರು ಇಳಿದು ಬಂದು, “ಯಾಕ್ರೀ ಹಂಗೆ ಬ್ರೇಕ್ ಹಾಕಿದ್ರಿ?” ಎಂದು ಕೇಳಿದರು. “ನಾನು ಹಾಕಲಿಲ್ಲ, ಕಾರೇ ಹಾಕಿಕೊಂಡಿತು” ಎಂದು ಮಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. “ಹಂಗಾದ್ರೆ ಕಾರನ್ನೇ ಕೆಳಗಿಳಿಸಿ, ಅದರ ಹತ್ರಾನೇ ಮಾತಾಡ್ತೀನಿ” ಎಂದರು ಅವರು. ನನಗೆ ಆ ಹೊತ್ತಿನಲ್ಲೂ ನಗು ಬಂತು. ಮನೆಗೆ ಬಂದ ಮೇಲೆ ಆ ಮಾತೇ ತಲೆಯಲ್ಲಿ ಉಳಿಯಿತು.

ನಮ್ಮ ಊರಿನ ಆರ್‌.ವಿ. ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಚಾಲಕರಿಲ್ಲದ ಕಾರು ಓಡಾಡಿದ ವಿಡಿಯೊವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಹಳದಿ ಮಾರ್ಗದ ಮೆಟ್ರೊ ರೈಲುಗಳನ್ನೂ ಚಾಲಕರಿಲ್ಲದೆ ಓಡಬಲ್ಲಂತೆ ರೂಪಿಸಿದ್ದಾರೆ ಎನ್ನುತ್ತಾರೆ. ನಾನು ಕೇಳಬೇಕೆಂದಿರುವುದು ಎರಡು ಸಂಗತಿ. ಇಂಥ ಕಾರುಗಳು ನಮ್ಮ ರಸ್ತೆಗೆ ನಿಜವಾಗಿಯೂ ಸುರಕ್ಷಿತವೇ? ಮತ್ತು ಅಪಘಾತವಾದರೆ ಹೊಣೆ ಒಳಗೆ ಕುಳಿತವನದೋ, ಮಾಲೀಕನದೋ, ತಯಾರಿಸಿದ ಕಂಪನಿಯದೋ? “ಸ್ವಯಂಚಾಲಿತ” ಎಂದು ಬರೆದರೆ ಆಟೊಮ್ಯಾಟಿಕ್ ಗೇರಿನ ಕಾರು ಎಂದುಕೊಳ್ಳುವವರಿರುವುದರಿಂದ “ಚಾಲಕರಹಿತ” ಎಂಬ ಪದವನ್ನೇ ಬಳಸುತ್ತೇನೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ವೈಟ್‌ಫೀಲ್ಡಿನ ವಾಹನ ತಂತ್ರಾಂಶ ಎಂಜಿನಿಯರ್

ಮೇಷ್ಟ್ರೇ, ನಾನು ಹತ್ತಾರು ವರ್ಷಗಳಿಂದ ವಾಹನಗಳ ಬ್ರೇಕ್ ನಿಯಂತ್ರಣದ ತಂತ್ರಾಂಶ ಬರೆಯುತ್ತಿದ್ದೇನೆ. ನಿಮ್ಮ ಕಾರನ್ನು ನೋಡದೆ ಅದರ ರೋಗ ಹೇಳಲಾರೆ. ಆದರೆ ಎದುರಿಗೆ ಏನೂ ಇಲ್ಲದಿರುವಾಗ ಬ್ರೇಕು ಬೀಳುವುದು ನಮ್ಮ ಕಸುಬಿನಲ್ಲಿ ಹೊಸ ಸಂಗತಿಯೇನಲ್ಲ. ಕಾರಿನ ತಂತ್ರಾಂಶಕ್ಕೆ ಪ್ರತಿ ಕ್ಷಣವೂ ಎರಡು ತಪ್ಪುಗಳ ನಡುವೆ ಆಯ್ಕೆ ಇರುತ್ತದೆ: ಇಲ್ಲದ ಅಡ್ಡಿಗೆ ನಿಲ್ಲುವುದು ಒಂದು, ಇರುವ ಅಡ್ಡಿಗೆ ನಿಲ್ಲದಿರುವುದು ಇನ್ನೊಂದು. ಒಂದನ್ನು ಕಡಿಮೆ ಮಾಡಲು ಹೋದರೆ ಇನ್ನೊಂದು ಹೆಚ್ಚುತ್ತದೆ. ರೇಡಾರಿನ ಅಲೆ ಕಬ್ಬಿಣದ ಸೇತುವೆಗೂ ನಿಂತ ಲಾರಿಗೂ ಒಂದೇ ರೀತಿ ತಗುಲಿ ಹಿಂತಿರುಗುವುದರಿಂದ, ಕದಲದೆ ನಿಂತ ವಸ್ತುಗಳನ್ನು ಎಷ್ಟು ನಂಬಬೇಕು ಎಂಬುದನ್ನು ತಂತ್ರಾಂಶ ಬರೆಯುವವರು ಮೊದಲೇ ತೀರ್ಮಾನಿಸಿರುತ್ತಾರೆ. ಅಂದು ನಿಮ್ಮ ಕಾರು ಹಾಕಿದ ಬ್ರೇಕಿನ ಹಿಂದೆ ಬಹುಶಃ ಎಂದೋ ಯಾವುದೋ ಕಚೇರಿಯಲ್ಲಿ ಯಾರೋ ಬರೆದಿಟ್ಟ ಒಂದು ಸಂಖ್ಯೆ ಇದೆ. ಹೊಣೆಯ ಪ್ರಶ್ನೆ ಹುಟ್ಟುವುದು ಅಲ್ಲಿಂದ.

ಈ ಕಾರುಗಳನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸುತ್ತಾರೆ. ನೀವು ಹೇಳಿದಂತೆ ವೇಗವನ್ನಷ್ಟೇ ನೋಡಿಕೊಳ್ಳುವುದಾದರೆ ನಿಮ್ಮದು ಒಂದನೆಯ ಹಂತದ್ದು, ಅದರ ಜೊತೆಗೆ ಸ್ಟೀರಿಂಗನ್ನೂ ತಿರುಗಿಸುವುದಾದರೆ ಎರಡನೆಯದು. ಈ ಎರಡರಲ್ಲೂ ಯಂತ್ರ ಸಹಾಯ ಮಾಡುತ್ತದೆ, ಮನುಷ್ಯ ಕ್ಷಣವೂ ಕಣ್ಣು ತೆಗೆಯುವಂತಿಲ್ಲ. ಮೂರನೆಯ ಹಂತದಲ್ಲಿ ಕೆಲವು ಸಂದರ್ಭಗಳಲ್ಲಿ ಕಣ್ಣು ತೆಗೆಯಬಹುದು, ಆದರೆ ಕರೆದಾಗ ಸ್ಟೀರಿಂಗ್ ಹಿಡಿಯಬೇಕು. ನಾಲ್ಕನೆಯದರಲ್ಲಿ ಗೊತ್ತುಮಾಡಿದ ಪ್ರದೇಶದೊಳಗೆ ಮನುಷ್ಯನ ಅಗತ್ಯವೇ ಇಲ್ಲ. ಐದನೆಯದು ಎಲ್ಲಿ ಬೇಕಾದರೂ ಓಡಬಲ್ಲ ಕಾರು. ಅದು ಇನ್ನೂ ಎಲ್ಲಿಯೂ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಅಪಾಯ ಇರುವುದು ಈ ನಡುವಿನ ಹಂತಗಳಲ್ಲಿ. ತೊಂಬತ್ತೊಂಬತ್ತು ಸಲ ಸರಿಯಾಗಿ ಓಡಿದ ಯಂತ್ರವನ್ನು ನೂರನೆಯ ಸಲ ಅನುಮಾನದಿಂದ ನೋಡುತ್ತ ಕೂರುವುದು ಮನುಷ್ಯನ ಸ್ವಭಾವದಲ್ಲಿಲ್ಲ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ಎಂಬ ಊರಿನಲ್ಲಿ, ಊಬರ್ ಸಂಸ್ಥೆ ಪರೀಕ್ಷೆಗಾಗಿ ಓಡಿಸುತ್ತಿದ್ದ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಅವರು ತೀರಿಕೊಂಡರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ತಿಳಿದುಬಂದಂತೆ, ಕಾರಿನ ಸೆನ್ಸರುಗಳು ಡಿಕ್ಕಿಗೆ 5.6 ಸೆಕೆಂಡು ಮೊದಲೇ ಅವರನ್ನು ಗುರುತಿಸಿದ್ದವು. ಆದರೆ ತಂತ್ರಾಂಶ ಒಮ್ಮೆ ವಾಹನ, ಒಮ್ಮೆ ಸೈಕಲ್, ಒಮ್ಮೆ ಏನೆಂದು ತಿಳಿಯದ ವಸ್ತು ಎಂದು ಹೆಸರು ಬದಲಿಸುತ್ತಲೇ ಹೋಯಿತು. ಹೆಸರು ಬದಲಾದಾಗಲೆಲ್ಲ ಆ ವಸ್ತು ಅದುವರೆಗೆ ಹೇಗೆ ಚಲಿಸಿತ್ತು ಎಂಬುದನ್ನು ಮರೆತು ಹೊಸದಾಗಿ ಲೆಕ್ಕ ಶುರುಮಾಡಿತು. ಕಾರಿನ ಮೂಲ ತಯಾರಕರು ಕೊಟ್ಟಿದ್ದ ತುರ್ತು ಬ್ರೇಕಿನ ವ್ಯವಸ್ಥೆ, ಗಣಕ ಓಡಿಸುವಾಗ ಕೆಲಸ ಮಾಡದಂತೆ ಕಟ್ಟಿಹಾಕಲಾಗಿತ್ತು. ಚಾಲಕನ ಸೀಟಿನಲ್ಲಿ ಮೇಲ್ವಿಚಾರಣೆಗೆಂದು ಕುಳಿತಿದ್ದ ಉದ್ಯೋಗಿಯ ಕಣ್ಣು ಫೋನಿನ ಮೇಲಿತ್ತು. ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು ಸರ್ಕಾರಿ ವಕೀಲರು 2019ರಲ್ಲಿ ತೀರ್ಮಾನಿಸಿದರು. ಆ ಉದ್ಯೋಗಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಪ್ರೊಬೇಷನ್ ಶಿಕ್ಷೆಗೆ ಒಳಗಾದರು. ಅಷ್ಟು ಕೈಗಳು ಸೇರಿ ಮಾಡಿದ ತಪ್ಪಿಗೆ ಕೊನೆಗೆ ಸಿಕ್ಕಿದ್ದು ಒಂದೇ ತಲೆ.

ಇನ್ನು ಸುರಕ್ಷತೆಯ ಅಂಕಿಗಳು. ವೇಮೊ ಸಂಸ್ಥೆಯ ಚಾಲಕರಹಿತ ಟ್ಯಾಕ್ಸಿಗಳು ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ ಮುಂತಾದ ನಗರಗಳಲ್ಲಿ ನಾಲ್ಕನೆಯ ಹಂತದಲ್ಲಿ ಓಡುತ್ತಿವೆ. ಸ್ವಿಸ್ ರೀ ಎಂಬ ಮರುವಿಮಾ ಸಂಸ್ಥೆಯೊಡನೆ ಅದು 2024ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2.53 ಕೋಟಿ ಮೈಲಿಗಳ ಓಡಾಟವನ್ನು ನೋಡಿ, ಮನುಷ್ಯರು ಓಡಿಸುವ ಕಾರುಗಳಿಗೆ ಹೋಲಿಸಿದರೆ ಆಸ್ತಿ ಹಾನಿಯ ಕ್ಲೇಮುಗಳು ಶೇ. 88ರಷ್ಟು, ಗಾಯದ ಕ್ಲೇಮುಗಳು ಶೇ. 92ರಷ್ಟು ಕಡಿಮೆ ಎಂದು ಹೇಳಿದ್ದಾರೆ. ಅಧ್ಯಯನದಲ್ಲಿ ಕಂಪನಿಯ ಪಾಲು ಇದೆ ಎಂಬುದನ್ನು ಮರೆಯಬಾರದು, ಆದರೆ ಅಷ್ಟು ದೊಡ್ಡ ಅಂತರವನ್ನು ತಳ್ಳಿಹಾಕುವುದೂ ಸರಿಯಲ್ಲ. ಸಾವಿನ ಲೆಕ್ಕ ಮಾತ್ರ ಬೇರೆ. ನೀವು ಗಣಿತದವರಾದ್ದರಿಂದ ಇದು ನಿಮಗೆ ರುಚಿಸೀತು: ಅಮೆರಿಕದಲ್ಲಿ ಮನುಷ್ಯರು ಓಡಿಸುವಾಗ ಸುಮಾರು ಹತ್ತು ಕೋಟಿ ಮೈಲಿಗೆ ಒಂದು ಸಾವು ಸಂಭವಿಸುವುದರಿಂದ, ಚಾಲಕರಹಿತ ಕಾರು ಅದಕ್ಕಿಂತ ಕೆಟ್ಟದ್ದಲ್ಲ ಎಂದು ಶೇ. 95ರಷ್ಟು ನಂಬಿಕೆಯಿಂದ ಹೇಳಬೇಕಾದರೂ ಅದು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಿರಬೇಕು ಎಂದು ಅಲ್ಲಿ ಸಂಶೋಧನೆ ನಡೆಸುವ ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು.

ಆ ಅಂಕಿಗಳನ್ನು ತಂದು ಬೆಂಗಳೂರಿಗೆ ಅಂಟಿಸುವಂತಿಲ್ಲ. ಹಳದಿ ಮಾರ್ಗದ ರೈಲಿಗೆ ಹಳಿ ಇದೆ, ಎದುರಿನಿಂದ ಯಾರೂ ಬರುವುದಿಲ್ಲ, ಎರಡು ರೈಲುಗಳ ಅಂತರವನ್ನು ಸಿಗ್ನಲ್ ವ್ಯವಸ್ಥೆ ಕಾಯುತ್ತದೆ. ರಸ್ತೆಯಲ್ಲಿ ಯಂತ್ರಕ್ಕೆ ಮೊದಲು ಕಲಿಸಬೇಕಾದದ್ದು ಕಾಣುವುದನ್ನು. ಹೈದರಾಬಾದಿನ ಐಐಐಟಿಯವರು ಇಂಟೆಲ್ ಜೊತೆ ಸೇರಿ 2018ರಲ್ಲಿ ಹೊರತಂದ ಭಾರತೀಯ ರಸ್ತೆಗಳ ಚಿತ್ರಸಂಗ್ರಹದಲ್ಲಿ ಹೈದರಾಬಾದ್ ಮತ್ತು ಬೆಂಗಳೂರಿನ ರಸ್ತೆಗಳಿಂದ ಸುಮಾರು ಹತ್ತು ಸಾವಿರ ಚಿತ್ರಗಳನ್ನು ತೆಗೆದು, ಆಟೊರಿಕ್ಷಾ, ಪ್ರಾಣಿ, ರಸ್ತೆಯಂಚಿನ ಮಣ್ಣು ಎಂಬಂಥ ವರ್ಗಗಳನ್ನು ಸೇರಿಸಿದ್ದರು. ಯುರೋಪಿನ ಸಂಗ್ರಹಗಳಲ್ಲಿ ಆಟೊರಿಕ್ಷಾ ಎಂಬ ವಸ್ತುವೇ ಇರಲಿಲ್ಲ. ಅಲ್ಲಿ ಕಲಿತ ಯಂತ್ರ ನಮ್ಮ ಆಟೊವನ್ನು ಏನೆಂದು ತಿಳಿದೀತು ಎಂಬುದನ್ನು ನೀವೇ ಊಹಿಸಿ.

ಉತ್ತರ: ಮೋಟಾರು ಅಪಘಾತ ಪ್ರಕರಣಗಳ ವಕೀಲೆ, ಮಲ್ಲೇಶ್ವರ

ಎಂಜಿನಿಯರ್ ಮಹಾಶಯರು “ಒಂದೇ ತಲೆ” ಎಂದದ್ದು ನನಗೆ ಹಿಡಿಸಿತು. ನಮ್ಮ ಕಾನೂನು ಹುಡುಕುವುದೂ ಮೊದಲು ಒಂದು ತಲೆಯನ್ನೇ. 1988ರ ಮೋಟಾರು ವಾಹನ ಕಾಯ್ದೆಯ 3ನೆಯ ಪ್ರಕರಣ (ಸೆಕ್ಷನ್) ಪರವಾನಗಿ ಇಲ್ಲದ ವ್ಯಕ್ತಿ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವಂತಿಲ್ಲ ಎನ್ನುತ್ತದೆ. ಓಡಿಸುವುದು ವ್ಯಕ್ತಿಯೇ ಅಲ್ಲದಿದ್ದರೆ ಏನು ಎಂಬ ಪ್ರಶ್ನೆ ಆ ಕಾಯ್ದೆಯ ಮನಸ್ಸಿಗೆ ಬಂದಿರಲಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 2ಬಿ ಪ್ರಕರಣ, ಸಂಶೋಧನೆ ಮತ್ತು ಹೊಸ ಆವಿಷ್ಕಾರಕ್ಕಾಗಿ ಕೆಲವು ಬಗೆಯ ವಾಹನಗಳಿಗೆ ಕಾಯ್ದೆಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದು ಪ್ರಯೋಗಕ್ಕೆ ತೆರೆದ ಕಿಟಕಿಯೇ ಹೊರತು ಹೊಣೆಯನ್ನು ಹಂಚುವ ನಿಯಮವಲ್ಲ.

ಮೇಷ್ಟ್ರೇ, ಮೊದಲು ನಿಮ್ಮ ಪ್ರಕರಣಕ್ಕೆ ಬರುತ್ತೇನೆ. ಹಿಂದಿನ ವಾಹನ ತಕ್ಕ ಅಂತರ ಇಟ್ಟುಕೊಳ್ಳಬೇಕು ಎಂಬುದು ರಸ್ತೆಯ ನಿಯಮವಾದ್ದರಿಂದ ಹಿಂದಿನಿಂದ ಗುದ್ದಿದವನದೇ ತಪ್ಪು ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಅಲ್ಲಿಗೇ ಮಾತು ಮುಗಿಯುವುದಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಕೊಯಮತ್ತೂರಿನ ಪ್ರಕರಣವೊಂದರಲ್ಲಿ, ಹೆದ್ದಾರಿಯಲ್ಲಿ ಕಾರೊಂದು ಸೂಚನೆ ಕೊಡದೆ ಥಟ್ಟನೆ ನಿಂತಿತ್ತು. ಹಿಂದಿದ್ದ ಬೈಕ್ ಸವಾರ ಅದಕ್ಕೆ ಬಡಿದು ಬಿದ್ದ, ಅವನ ಮೇಲೆ ಬಸ್ಸು ಹರಿದು ಅವನು ಕಾಲು ಕಳೆದುಕೊಂಡ. ಜೊತೆಗಿದ್ದ ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತು ಎಂದು ಕಾರಿನವರು ಕೊಟ್ಟ ಕಾರಣವನ್ನು ನ್ಯಾಯಾಲಯ ಒಪ್ಪಲಿಲ್ಲ, ಕಾರಿಗೆ ಶೇ. 50, ಬಸ್ಸಿಗೆ ಶೇ. 30, ಬೈಕ್ ಸವಾರನಿಗೆ ಶೇ. 20 ಎಂದು ತಪ್ಪನ್ನು ಹಂಚಿತು. ಹೆಂಡತಿಯ ಸಂಕಟವೇ ಸಾಲದ ಕಾರಣವಾದರೆ, ಕಾರಿಗೆ ಭ್ರಮೆಯಾಯಿತು ಎಂಬುದು ಹೇಗೆ ಸಾಕಾದೀತು? ನಿಮ್ಮ ಮಗನ ಕಾಲು ಬ್ರೇಕಿನ ಮೇಲೆ ಇರಲಿಲ್ಲ ಎಂಬುದು ನಿಜವಾದರೂ, ಇಂದಿನ ಕಾನೂನಿನ ಕಣ್ಣಿಗೆ ಚಾಲಕ ಅವನೇ.

ಗಾಯಗೊಂಡವನ ಕಡೆಯಿಂದ ನೋಡಿದರೆ ಮಾತ್ರ ಪರಿಸ್ಥಿತಿ ನೀವು ಅಂಜಿದಷ್ಟು ಕತ್ತಲಾಗಿಲ್ಲ. 164ನೆಯ ಪ್ರಕರಣದ ಪ್ರಕಾರ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಗಳನ್ನು ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಮಾಲೀಕ ಅಥವಾ ವಿಮೆದಾರ ಕೊಡಬೇಕು. ಅದಕ್ಕೂ ಮುಖ್ಯವಾದದ್ದು 2001ರ ಒಂದು ತೀರ್ಪು. ಜೀಪಿನ ಮುಂದಿನ ಟೈರು ಒಡೆದು ಅದು ಮಗುಚಿ, ರಸ್ತೆಯಲ್ಲಿ ನಡೆದು ಹೋಗುತ್ತಿದ್ದವರೊಬ್ಬರು ಸತ್ತರು. ಚಾಲಕನ ನಿರ್ಲಕ್ಷ್ಯವೇನೂ ಇರಲಿಲ್ಲ. ಆದರೂ ಅಪಾಯಕಾರಿ ವಸ್ತುವನ್ನು ಬಳಕೆಗೆ ತಂದವನು ಅದರಿಂದಾದ ಹಾನಿಯನ್ನು ತುಂಬಿಕೊಡಬೇಕು ಎಂಬ ಹಳೆಯ ತತ್ವವನ್ನು ಸುಪ್ರೀಂ ಕೋರ್ಟ್ ಅಲ್ಲಿ ಅನ್ವಯಿಸಿತು. ದಾರಿಯಲ್ಲಿ ಹೋಗುತ್ತಿದ್ದವನಿಗೆ ಟೈರು ಒಡೆದರೇನು, ತಂತ್ರಾಂಶ ಕೆಟ್ಟರೇನು? ಆದ್ದರಿಂದ ನಾಳೆ ಚಾಲಕರಹಿತ ಕಾರು ಯಾರಿಗಾದರೂ ಬಡಿದರೆ ನಮ್ಮ ನ್ಯಾಯಮಂಡಳಿಗಳು ಪರಿಹಾರ ಕೊಡಿಸಲು ದಾರಿ ಕಾಣದೆ ಕೂರುವುದಿಲ್ಲ. ಹಣ ಬರುತ್ತದೆ. ಅದು ಮಾಲೀಕನ ವಿಮೆಯಿಂದ ಬರುತ್ತದೆ, ತಪ್ಪು ಮಾಡಿದ ಕಂಪನಿಯಿಂದ ಬರುವುದಿಲ್ಲ ಎಂಬುದೇ ನನ್ನ ತಕರಾರು.

ಕಂಪನಿಯನ್ನು ಹಿಡಿಯಲು ಇರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ವಿನ್ಯಾಸದ ದೋಷಕ್ಕೆ, ತಯಾರಿಕೆಯ ದೋಷಕ್ಕೆ, ಸರಿಯಾದ ಎಚ್ಚರಿಕೆ ಕೊಡದಿದ್ದುದಕ್ಕೆ ತಯಾರಕ ಹೊಣೆ ಎಂದು 84ನೆಯ ಪ್ರಕರಣ ಹೇಳುತ್ತದೆ. ಆದರೆ ಅಲ್ಲಿ ದೂರು ಕೊಡಬೇಕಾದವನು ಗ್ರಾಹಕ. ಕಾರು ಕೊಂಡ ನಿಮ್ಮ ಮಗ ಗ್ರಾಹಕ. ಅದಕ್ಕೆ ಗುದ್ದಿದ ಟ್ಯಾಕ್ಸಿಯವನಾಗಲಿ, ರಸ್ತೆ ದಾಟುತ್ತಿದ್ದ ಹೂವಾಡಗಿತ್ತಿಯಾಗಲಿ ಆ ಕಾರಿನ ಗ್ರಾಹಕರಲ್ಲ. ಅವರು ಯಾವ ಷರತ್ತಿಗೂ ಸಹಿ ಹಾಕಿದವರಲ್ಲ, ಶೋರೂಮಿನಲ್ಲಿ ಕಾಫಿ ಕುಡಿದವರಲ್ಲ, ಅಪಾಯವನ್ನು ಮಾತ್ರ ಹಂಚಿಕೊಂಡವರು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರೂ ಪಾದಚಾರಿಗಳೂ ಸೇರಿ ಶೇ. 60ಕ್ಕೂ ಹೆಚ್ಚು. ಕಾರಿನ ಸುರಕ್ಷತೆ ಎಂದಾಗ ಒಳಗಿರುವವರ ಸುರಕ್ಷತೆಯನ್ನಷ್ಟೇ ಅಳೆಯುವ ಅಭ್ಯಾಸ ನಮ್ಮ ಪಾಲಿಗೆ ಹೊಂದುವುದಿಲ್ಲ.

ಶಿಕ್ಷೆಯ ವಿಷಯ ಇನ್ನೂ ಜಟಿಲ. ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಲ್ಲಿ ಐದು ವರ್ಷದವರೆಗೆ ಸೆರೆವಾಸ ಇದೆ. ಒಳಗೆ ನಿದ್ದೆ ಮಾಡುತ್ತಿದ್ದ ಪ್ರಯಾಣಿಕನನ್ನು ಆ ಪ್ರಕರಣದಡಿ ಹಿಡಿಯುವುದು ಅನ್ಯಾಯ, ತಂತ್ರಾಂಶದ ಒಂದು ಸಾಲು ಬರೆದ ಹುಡುಗಿಯನ್ನು ಹಿಡಿಯುವುದು ಇನ್ನೂ ದೊಡ್ಡ ಅನ್ಯಾಯ. ಬ್ರಿಟನ್ನಿನ 2024ರ ಕಾಯ್ದೆ ಇದಕ್ಕೆ ಒಂದು ದಾರಿ ಮಾಡಿದೆ: ಕಾರು ತಾನೇ ಓಡುತ್ತಿರುವಾಗ ಅದು ಓಡಿದ ರೀತಿಗೆ ಒಳಗೆ ಕುಳಿತವನನ್ನು ಶಿಕ್ಷಿಸುವಂತಿಲ್ಲ, ಅನುಮತಿ ಪಡೆದ ಸಂಸ್ಥೆಯೇ ಉತ್ತರ ಕೊಡಬೇಕು. ನಮ್ಮಲ್ಲಿ ಇಂಥದೊಂದು ಸಾಲು ಬರುವವರೆಗೆ ಎಫ್‌ಐಆರ್‌ನಲ್ಲಿ ಸ್ಟೀರಿಂಗಿನ ಹಿಂದೆ ಇದ್ದವರ ಹೆಸರೇ ಬೀಳುತ್ತದೆ.

ಉತ್ತರ: ವಿಮಾನ ನಿಲ್ದಾಣದ ಟ್ಯಾಕ್ಸಿ ಚಾಲಕ, ಯಲಹಂಕ

ಮೇಷ್ಟ್ರೇ, ಕಾರನ್ನು ಇಳಿಸಿ ಎಂದ ಚಾಲಕ ನಾನಲ್ಲ, ಆದರೆ ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಹದಿನಾಲ್ಕು ವರ್ಷಗಳಿಂದ ಹೆಬ್ಬಾಳದ ದಾರಿಯಲ್ಲಿ ಓಡಾಡುತ್ತಿದ್ದೇನೆ. ಅಲ್ಲಿ ನಾವು ಓಡಿಸುವುದು ಅರ್ಧ ಸ್ಟೀರಿಂಗಿನಿಂದ, ಅರ್ಧ ಕಣ್ಣಿನಿಂದ. ಪಕ್ಕದ ಬಸ್ಸಿನವರ ಮುಖ ನೋಡಿದರೆ ಅವರು ದಾರಿ ಬಿಡುತ್ತಾರೋ ಇಲ್ಲವೋ ತಿಳಿಯುತ್ತದೆ. ಅಡ್ಡ ಬಂದವರಿಗೆಲ್ಲ ನಿಲ್ಲುವ ಕಾರು ಕೆ.ಆರ್. ಮಾರುಕಟ್ಟೆಯ ಮುಂದೆ ಬೆಳಿಗ್ಗೆ ನಿಂತರೆ ಸಂಜೆಯವರೆಗೂ ಅಲ್ಲೇ ನಿಂತಿರುತ್ತದೆ. ನಿಲ್ಲದಿರುವ ಕಾರಾದರೆ ನಮಗೆ ಬೇಡ.

2023ರಲ್ಲಿ ಗಡ್ಕರಿಯವರು ಚಾಲಕರ ಕೆಲಸ ಹೋಗುತ್ತದೆ, ಆದ್ದರಿಂದ ಇಂಥ ಕಾರುಗಳಿಗೆ ಅವಕಾಶವಿಲ್ಲ ಎಂದು ಹೇಳಿದ್ದರು. ಆ ಮಾತು ನನಗೆ ಸಮಾಧಾನ ಕೊಟ್ಟರೂ ಮಾತು ಎಷ್ಟು ದಿನ ನಿಲ್ಲುತ್ತದೆ ಎಂಬುದು ನಮಗೆ ಗೊತ್ತಿದೆ. ಕೆಲಸದ ಚರ್ಚೆ ಇಲ್ಲಿ ಬೇಡ. ನನ್ನ ಪ್ರಶ್ನೆ ಒಂದೇ. ಮೂರು ವರ್ಷದ ಹಿಂದೆ ಸಾದಹಳ್ಳಿಯ ಹತ್ತಿರ ನನ್ನ ಕಾರಿಗೆ ಬೈಕಿನವನೊಬ್ಬ ಬಂದು ತಗುಲಿದ. ತಪ್ಪು ಅವನದೇ ಆಗಿತ್ತು, ಆದರೂ ನಾನೇ ಅವನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚಾಲಕನಿಲ್ಲದ ಕಾರು ಯಾರಿಗಾದರೂ ತಗುಲಿದರೆ ಕೆಳಗಿಳಿದು ಎತ್ತುವವರು ಯಾರು?

ಉತ್ತರ: ವಕೀಲೆ, ಮಲ್ಲೇಶ್ವರ

ಅಣ್ಣಾ, ನೀವು ಮಾಡಿದ್ದು ಮಾನವೀಯತೆ ಮಾತ್ರವಲ್ಲ, ಕಾನೂನು ಕೂಡ. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಚಾಲಕನ ಅಥವಾ ವಾಹನದ ಉಸ್ತುವಾರಿ ಹೊತ್ತವನ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ 134ನೆಯ ಪ್ರಕರಣ ಹೇಳುತ್ತದೆ. ಕಾರಿನಲ್ಲಿ ಯಾರೂ ಇಲ್ಲದಿದ್ದರೆ ಆ ಕರ್ತವ್ಯ ಯಾರ ಮೇಲೆ ನಿಲ್ಲುತ್ತದೆ ಎಂಬುದು ಸ್ಪಷ್ಟವಿಲ್ಲ. ನಾನು ಇದನ್ನು ಯೋಚಿಸಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಉತ್ತರ: ವೈಟ್‌ಫೀಲ್ಡಿನ ಎಂಜಿನಿಯರ್

ಇದು ಕಲ್ಪನೆಯ ಪ್ರಶ್ನೆಯಲ್ಲ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನುಷ್ಯ ಓಡಿಸುತ್ತಿದ್ದ ಕಾರೊಂದು ಮಹಿಳೆಗೆ ಬಡಿಯಿತು. ಅವರು ಪಕ್ಕದ ಸಾಲಿನಲ್ಲಿದ್ದ ಕ್ರೂಸ್ ಸಂಸ್ಥೆಯ ಚಾಲಕರಹಿತ ಟ್ಯಾಕ್ಸಿಯ ಮುಂದೆ ಎಸೆಯಲ್ಪಟ್ಟರು. ಅದೂ ಬಡಿದು ನಿಂತಿತು. ಅಲ್ಲಿಯವರೆಗೆ ಅದರ ತಪ್ಪು ಎನ್ನುವುದು ಕಷ್ಟ. ಆಮೇಲೆ ಕಾರು, ಡಿಕ್ಕಿಯಾಗಿದೆ, ರಸ್ತೆಯ ಬದಿಗೆ ಸರಿಯಬೇಕು ಎಂದು ತೀರ್ಮಾನಿಸಿ, ಕೆಳಗೆ ಸಿಕ್ಕಿಕೊಂಡಿದ್ದ ಅವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಚಾಲಕನಿದ್ದಿದ್ದರೆ ಇಳಿದು ಬಗ್ಗಿ ನೋಡುತ್ತಿದ್ದ. ಆ ತಿಂಗಳ 24ರಂದು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಸಂಸ್ಥೆಯ ಚಾಲಕರಹಿತ ಅನುಮತಿಯನ್ನು ಅಮಾನತು ಮಾಡಿತು. ಪೂರ್ತಿ ವಿವರವನ್ನು ಸರ್ಕಾರದ ಮುಂದೆ ಇಡಲಿಲ್ಲ ಎಂಬುದೂ ಸಂಸ್ಥೆಯ ಮೇಲಿದ್ದ ಆರೋಪ. ಮರುವರ್ಷ ಡಿಸೆಂಬರಿನಲ್ಲಿ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ವ್ಯವಹಾರಕ್ಕೆ ಹಣ ಹಾಕುವುದನ್ನು ನಿಲ್ಲಿಸಿತು.

ಉತ್ತರ: ಸಾಮಾನ್ಯ ವಿಮಾ ಕ್ಷೇತ್ರದ ನಿವೃತ್ತ ಅಧಿಕಾರಿ, ರಾಜಾಜಿನಗರ

ವಕೀಲರ ಮಾತಿನಲ್ಲಿ ಒಂದನ್ನು ಒಪ್ಪಲಾರೆ. ಹಣ ಮೊದಲು ವಿಮೆಯಿಂದ ಬರುವುದು ದೋಷವಲ್ಲ, ಬರಬೇಕಾದದ್ದೇ ಹಾಗೆ. ಕಾಲು ಮುರಿದುಕೊಂಡವನನ್ನು ದೊಡ್ಡ ಕಂಪನಿಯೊಡನೆ ವಿನ್ಯಾಸದ ದೋಷದ ಬಗ್ಗೆ ವಾದಿಸಲು ಕಳುಹಿಸುವುದು ಯಾವ ನ್ಯಾಯ? ಬ್ರಿಟನ್ 2018ರಲ್ಲೇ ತಂದ ಕಾಯ್ದೆಯಲ್ಲಿ ವಿಮೆದಾರ ಮೊದಲು ಪರಿಹಾರ ಕೊಡುತ್ತಾನೆ, ಆಮೇಲೆ ತಯಾರಕನಿಂದ ವಸೂಲು ಮಾಡಿಕೊಳ್ಳುತ್ತಾನೆ. ಸುರಕ್ಷತೆಗೆ ಅತ್ಯಗತ್ಯವಾದ ತಂತ್ರಾಂಶ ನವೀಕರಣವನ್ನು ಗೊತ್ತಿದ್ದೂ ಹಾಕಿಸಿಕೊಳ್ಳದ ಮಾಲೀಕನಿಂದಲೂ ವಸೂಲು ಮಾಡಬಹುದು. ಇದು ಇಬ್ಬರು ಹಣವಂತರ ನಡುವಿನ ಜಗಳ, ನಡೆದರೆ ನಡೆಯಲಿ.

ನನಗಿರುವ ಆತಂಕ ಬೇರೆ. ಆ ವಸೂಲಿ ನಡೆಯಬೇಕಾದರೆ ಅಪಘಾತದ ಕ್ಷಣದಲ್ಲಿ ಓಡಿಸುತ್ತಿದ್ದವರು ಯಾರು, ಯಾವ ಆವೃತ್ತಿಯ ತಂತ್ರಾಂಶ ಇತ್ತು, ಕಾರಿಗೆ ಏನು ಕಂಡಿತು ಎಂಬ ದಾಖಲೆ ಬೇಕು. ದಾಖಲೆ ಇರುವುದು ತಯಾರಕನ ಕೈಯಲ್ಲಿ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ ಎಂದು ನಾನು ಹೇಳುವುದಿಲ್ಲ, ಆದರೆ ಪರೀಕ್ಷೆ ಬರೆದವನೇ ಮೌಲ್ಯಮಾಪನ ಮಾಡಿದ ಹಾಗಾಗುತ್ತದೆ ಎಂದು ಮೇಷ್ಟ್ರಿಗೆ ಹೇಳಬಹುದು. ಜರ್ಮನಿ 2017ರಲ್ಲೇ, ಸ್ಟೀರಿಂಗ್ ಮನುಷ್ಯನಿಂದ ಯಂತ್ರಕ್ಕೆ, ಯಂತ್ರದಿಂದ ಮನುಷ್ಯನಿಗೆ ಹೋದ ಹೊತ್ತನ್ನೂ ಜಾಗವನ್ನೂ ಕಾರು ದಾಖಲಿಸಬೇಕು ಎಂದು ಕಾನೂನು ಮಾಡಿತು. ನಮ್ಮಲ್ಲೂ ಮೊದಲು ಬರಬೇಕಾದದ್ದು ಅದು. ವಸೂಲಿ ಆಗದಿದ್ದರೆ ವಿಮಾ ಕಂಪನಿಗಳು ನಷ್ಟವನ್ನು ಪ್ರೀಮಿಯಮ್ಮಿನ ಮೇಲೆ ಹಾಕಲು ಒತ್ತಾಯಿಸುತ್ತವೆ. ರಾಡಾರೂ ಕ್ಯಾಮೆರಾವೂ ಇಲ್ಲದ ಹಳೆಯ ಕಾರಿನವನೂ ಬೇರೊಬ್ಬರ ತಂತ್ರಾಂಶದ ತಪ್ಪಿಗೆ ಹಣ ಕಟ್ಟಬೇಕಾಗುತ್ತದೆ.

ಕಂಪನಿಗಳು ಹೊಣೆ ಹೊರುವುದೇ ಇಲ್ಲ ಎನ್ನುವುದೂ ತಪ್ಪು. ಕಾರು ತಾನೇ ಓಡುವಾಗ ಆದದ್ದಕ್ಕೆ ಪೂರ್ತಿ ಹೊಣೆ ತಮ್ಮದು ಎಂದು ವೋಲ್ವೊ 2015ರಲ್ಲೇ ಘೋಷಿಸಿತ್ತು. ಹೊರದೆ ಹೋದವರಿಗೆ ನ್ಯಾಯಾಲಯ ಹೊರಿಸಿದ ಉದಾಹರಣೆಯೂ ಇದೆ. ಫ್ಲಾರಿಡಾದಲ್ಲಿ 2019ರಲ್ಲಿ ಟೆಸ್ಲಾ ಕಾರಿನ ಚಾಲಕ ಆಟೊಪೈಲಟ್ ಹಾಕಿಕೊಂಡು, ಕೆಳಗೆ ಬಿದ್ದ ಫೋನು ಎತ್ತಿಕೊಳ್ಳಲು ಬಗ್ಗಿದಾಗ ಕಾರು ನಿಂತಿದ್ದ ವಾಹನಕ್ಕೆ ಗುದ್ದಿ ಯುವತಿಯೊಬ್ಬಳು ಸತ್ತಳು. 2025ರ ಆಗಸ್ಟಿನಲ್ಲಿ ಮಯಾಮಿಯ ಜ್ಯೂರಿ ಶೇ. 67ರಷ್ಟು ತಪ್ಪು ಚಾಲಕನದು, ಶೇ. 33ರಷ್ಟು ಕಂಪನಿಯದು ಎಂದು ಹೇಳಿ, ಕಂಪನಿ ಸುಮಾರು 24.3 ಕೋಟಿ ಡಾಲರ್ ಕೊಡಬೇಕೆಂದು ತೀರ್ಮಾನಿಸಿತು. ನೆನಪಿಡಿ, ಅದು ಎರಡನೆಯ ಹಂತದ ಕಾರು, ನಿಮ್ಮ ಮಗನ ಕಾರಿನ ಹಾಗೆ ಅದರಲ್ಲೂ ಚಾಲಕ ಕಣ್ಣು ತೆಗೆಯುವಂತಿರಲಿಲ್ಲ.

ಮತ್ತೆ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಒಂದು ಬೆಳವಣಿಗೆ ಹೇಳಬೇಕಾಗಿದೆ. ಸರ್ವಿಸ್ ಸೆಂಟರಿನಲ್ಲಿ ಕಾರನ್ನು ಗಣಕಕ್ಕೆ ಜೋಡಿಸಿ ನೋಡಿ, ಯಾವ ದೋಷವೂ ಕಾಣಲಿಲ್ಲ ಎಂದರು. ಆ ಹೊತ್ತಿನ ದಾಖಲೆ ಕೊಡಿ ಎಂದರೆ ಅದು ಕಂಪನಿಗೆ ಸೇರಿದ್ದು, ಗ್ರಾಹಕರಿಗೆ ಕೊಡುವ ಪದ್ಧತಿ ಇಲ್ಲ ಎಂದರು. ಇದರ ನಡುವೆ ಟ್ಯಾಕ್ಸಿ ಚಾಲಕರು ತಮ್ಮ ಡ್ಯಾಶ್‌ಕ್ಯಾಮಿನ ವಿಡಿಯೊವನ್ನು ವಾಟ್ಸ್‌ಆಪ್‌ನಲ್ಲಿ ಕಳುಹಿಸಿದ್ದಾರೆ. ಅದರಲ್ಲಿ ನಮ್ಮ ಮುಂದಿನ ರಸ್ತೆ ಬರಿದಾಗಿರುವುದೂ ನಮ್ಮ ಬ್ರೇಕಿನ ದೀಪ ಹೊತ್ತಿಕೊಳ್ಳುವುದೂ ಚೆನ್ನಾಗಿ ಕಾಣುತ್ತದೆ. ಮಗ ಹೇಳಿದ್ದು ನಿಜ ಎನ್ನಲು ನಮ್ಮಲ್ಲಿರುವ ಸಾಕ್ಷಿ ಅದೊಂದೇ, ಕಾರಣವಿಲ್ಲದೆ ಬ್ರೇಕು ಹಾಕಿದೆವು ಎನ್ನಲು ಅವರಲ್ಲಿರುವ ಸಾಕ್ಷಿಯೂ ಅದೇ. ಈಗ ಏನು ಮಾಡುವುದು ಸರಿ?

ಉತ್ತರ: ವಕೀಲೆ, ಮಲ್ಲೇಶ್ವರ

ಮೊದಲು, ವಿಮಾ ಕ್ಲೇಮಿನ ಅರ್ಜಿಯಲ್ಲಿ “ನಾನು ಬ್ರೇಕು ಹಾಕಿದೆ” ಎಂದು ಬರೆಯಬೇಡಿ. ಸುಲಭವಾಗಲಿ ಎಂದು ಯಾರಾದರೂ ಹಾಗೆ ಬರೆಸಲು ನೋಡಬಹುದು. ಒಮ್ಮೆ ಬರೆದ ಮೇಲೆ ಕಾರಿನ ದೋಷದ ಮಾತೇ ಎತ್ತುವಂತಿಲ್ಲ. ನಡೆದದ್ದನ್ನು ನಡೆದಂತೆ ಬರೆಯಿರಿ. ಎರಡೂ ವಾಹನಗಳ ರಿಪೇರಿ ಅವರವರ ವಿಮೆಯಿಂದ ಆಗಲಿ, ನಿಮ್ಮ ನೋ ಕ್ಲೇಮ್ ಬೋನಸ್ ಹೋದರೆ ಆ ನಷ್ಟವನ್ನು ಆಮೇಲೆ ತಯಾರಕರಿಂದ ಕೇಳಬಹುದು.

ಎರಡನೆಯದು, ದಿನಾಂಕ, ಹೊತ್ತು, ಜಾಗ, ಕಾರಿನ ಚಾಸಿಸ್ ಸಂಖ್ಯೆ ನಮೂದಿಸಿ, ಆ ಕ್ಷಣದ ದಾಖಲೆಯನ್ನು ಅಳಿಸದೆ ಕಾಪಾಡಬೇಕು ಮತ್ತು ಪ್ರತಿ ಕೊಡಬೇಕು ಎಂದು ತಯಾರಕರ ನೋಂದಾಯಿತ ಕಚೇರಿಗೆ ಮಗನ ಹೆಸರಿನಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿ. ಅವರು ಕೊಡದೆಯೂ ಇರಬಹುದು. ಆದರೆ ನಾಳೆ ಗ್ರಾಹಕ ಆಯೋಗದ ಮುಂದೆ, ಕೇಳಿದ್ದರೂ ಕೊಡಲಿಲ್ಲ ಎಂಬುದೇ ನಿಮ್ಮ ವಾದಕ್ಕೆ ಬಲವಾಗುತ್ತದೆ. ವಿಡಿಯೊದ ಮೂಲ ಕಡತವನ್ನು ಟ್ಯಾಕ್ಸಿಯವರಿಂದ ಪೆನ್‌ಡ್ರೈವಿನಲ್ಲಿ ಪಡೆಯಿರಿ, ವಾಟ್ಸ್‌ಆಪ್‌ನ ಪ್ರತಿ ಸಾಲದು. ಅವರನ್ನು ಎದುರಾಳಿ ಎಂದುಕೊಳ್ಳಬೇಡಿ. ಕಾರಿನಲ್ಲಿ ದೋಷ ಇದೆ ಎಂದು ಹೇಳಬೇಕಾದದ್ದು ನಿಮಗೂ ಅವರಿಗೂ ಸಮಾನ.

ಉತ್ತರ: ವೈಟ್‌ಫೀಲ್ಡಿನ ಎಂಜಿನಿಯರ್

ವಕೀಲರ ಪಟ್ಟಿಗೆ ಒಂದು ಸೇರಿಸುತ್ತೇನೆ. ಪರದೆಯಲ್ಲಿ ಈಗಿರುವ ತಂತ್ರಾಂಶದ ಆವೃತ್ತಿಯ ಸಂಖ್ಯೆಯನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಆವೃತ್ತಿ ಬಂದರೆ, ಹಳೆಯ ದಾಖಲೆ ಉಳಿಯುತ್ತದೆ ಎಂದು ಅವರು ಬರೆದುಕೊಡುವವರೆಗೆ ಹಾಕಿಸಬೇಡಿ. ಅಲ್ಲಿಯವರೆಗೆ ಅಂತರ ಕಾಯುವ ವ್ಯವಸ್ಥೆಯನ್ನೂ ತಾನಾಗಿ ಬ್ರೇಕು ಹಾಕುವ ವ್ಯವಸ್ಥೆಯನ್ನೂ ಆರಿಸಿ, ಮಗನೇ ಓಡಿಸಲಿ.

ಮತ್ತೆ ಮೇಷ್ಟ್ರು

ಪತ್ರ ನಿನ್ನೆ ಅಂಚೆಗೆ ಹೋಯಿತು. ಇಂದು ಬೆಳಿಗ್ಗೆ ಕಾರು ಶುರುಮಾಡಿದ ಕೂಡಲೇ ಪರದೆಯ ಮೇಲೆ ಹೊಸ ತಂತ್ರಾಂಶ ಸಿದ್ಧವಿದೆ, ಈಗಲೇ ಹಾಕಿಕೊಳ್ಳುವಿರಾ ಎಂಬ ಸಂದೇಶ ಬಂದಿದೆ. ಅದರಲ್ಲಿ “ಬ್ರೇಕಿನ ಕಾರ್ಯದಲ್ಲಿ ಸುಧಾರಣೆ” ಎಂದು ಒಂದು ಸಾಲು ಇದೆ. ಆ ಸಾಲನ್ನೂ ಆವೃತ್ತಿಯ ಸಂಖ್ಯೆಯನ್ನೂ ಫೋಟೊ ತೆಗೆದುಕೊಂಡು, ಮಗನಿಗೆ ಹೇಳಿ “ನಂತರ” ಎಂಬುದನ್ನು ಒತ್ತಿಸಿದ್ದೇನೆ.